ಬೆಳಗಾವಿ ದಂಡುಪ್ರದೇಶದ ಭೇಟಿಚೀಟಿಗಳು: ಮೂಲ ಒಡೆತನದ ಶೋಧ

೧. ಪ್ರವೇಶ

ಹಾಡು, ಕಥೆ, ಗಾದೆ, ಒಗಟುಗಳ ಸಂಗ್ರಹದಿಂದ ಆರಂಭವಾದ ಜಾನಪದ ಅಧ್ಯಯನವು ಕಾಲಕ್ರಮದಲ್ಲಿ ವಸ್ತುಸಂಸ್ಕೃತಿಯ ಕಡೆಗೂ ತನ್ನ ದೃಷ್ಟಿಯನ್ನು ಹರಿಸಿದೆ. ಕೃಷಿ ಉಪಕರಣ, ಮಗ್ಗ, ಒಡವೆ, ಅಡಿಗೆಯ ಪಾತ್ರೆ ಮೊದಲಾದವುಗಳನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಕೆಲಸ ನಡೆದಿದೆ. ಆದರೆ ವಸಾಹತು ಕಾಲದ ಮನೆಗಳಿಂದ ನಮ್ಮ ಜನರ ಕೈಸೇರಿದ ಸಣ್ಣಪುಟ್ಟ ಕಾಗದದ ವಸ್ತುಗಳು ಈ ಅಧ್ಯಯನದ ಪರಿಧಿಗೆ ಬಂದದ್ದು ಕಡಿಮೆ. ಅವು ಆಂಗ್ಲರವು, ನಮ್ಮವಲ್ಲ ಎಂಬ ಭಾವನೆ ಇದಕ್ಕೆ ಒಂದು ಕಾರಣ. ಅವುಗಳಿಗೆ ಸಾಹಿತ್ಯಿಕ ಮೌಲ್ಯವಿಲ್ಲವೆಂಬ ಉದಾಸೀನ ಇನ್ನೊಂದು. ಇಂತಹ ವಸ್ತುಗಳಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದ, ಎಂದರೆ ೧೮೩೭ರಿಂದ ೧೯೦೧ರವರೆಗಿನ, ಭೇಟಿಚೀಟಿಯೂ ಒಂದು. ಇಂದು ನಾವು ‘ವಿಸಿಟಿಂಗ್ ಕಾರ್ಡ್’ ಎಂದು ಕರೆಯುವ ವ್ಯಾಪಾರದ ಚೀಟಿಗೆ ಇದೇ ಪೂರ್ವಜ. ಆದರೆ ಎರಡರ ಉದ್ದೇಶವೂ ಬೇರೆ, ನಿಯಮವೂ ಬೇರೆ.

ಬೆಳಗಾವಿಯ ದಂಡುಪ್ರದೇಶವನ್ನು ಕೇಂದ್ರವಾಗಿಟ್ಟುಕೊಂಡು ಈ ಚೀಟಿಗಳ ಬಳಕೆಯ ಕ್ರಮವನ್ನು ವಿವರಿಸುವುದು, ದೊರೆತ ಚೀಟಿಯಿಂದ ಅದರ ಮೂಲ ಒಡೆಯರನ್ನು ಪತ್ತೆಹಚ್ಚುವ ವಿಧಾನವನ್ನು ನಿರೂಪಿಸುವುದು ಹಾಗೂ ಈ ವಿಧಾನದಿಂದ ಯಾರ ಹೆಸರು ಸಿಗುತ್ತದೆ, ಯಾರದು ಸಿಗುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಸ್ಥಳದ ಹಿನ್ನೆಲೆ

೧೮೧೮ರಲ್ಲಿ ಥಾಮಸ್ ಮನ್ರೋನ ಸೇನೆಗೆ ಬೆಳಗಾವಿಯ ಕೋಟೆ ವಶವಾದ ಮೇಲೆ ಕೋಟೆಯ ಪಶ್ಚಿಮಕ್ಕೆ ದಂಡುಪ್ರದೇಶ ಬೆಳೆಯಿತು. ೧೮೨೦ರಲ್ಲಿ ಲಂಡನ್ ಮಿಶನರಿ ಸೊಸೈಟಿಯು ಇಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ೧೮೩೬ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಬೆಳಗಾವಿ ಪ್ರತ್ಯೇಕ ಜಿಲ್ಲೆಯಾಯಿತು. ಗಾಥಿಕ್ ಶೈಲಿಯ ಸೇಂಟ್ ಮೇರಿ ಚರ್ಚು ೧೮೬೯ರಲ್ಲಿ ಪ್ರತಿಷ್ಠಾಪನೆಗೊಂಡಿತು. ಹೀಗೆ ಸೈನ್ಯ, ಕಂದಾಯ ಆಡಳಿತ, ಧರ್ಮಪ್ರಸಾರ ಎಂಬ ಮೂರು ವರ್ಗದ ಆಂಗ್ಲ ಕುಟುಂಬಗಳು ಒಂದೇ ಊರಿನಲ್ಲಿ ನೆಲೆಸಿದವು. ಇದರೊಡನೆ ಖಾನಾಪುರದ ಕಾಡುಗಳಲ್ಲಿ ತಿಂಗಳುಗಟ್ಟಲೆ ಸಂಚಾರದಲ್ಲಿರುತ್ತಿದ್ದ ಅರಣ್ಯ ಹಾಗೂ ಕಂದಾಯ ಇಲಾಖೆಯ ಅಧಿಕಾರಿಗಳಿಗೂ ಬೆಳಗಾವಿಯೇ ಸಾಮಾಜಿಕ ಕೇಂದ್ರವಾಗಿತ್ತು. ಭೇಟಿಚೀಟಿಯ ಶಿಷ್ಟಾಚಾರ ಬೇರೂರಲು ಇಂತಹ ನೆಲ ಬೇಕು. ಬಂದುಹೋಗುವ ಜನ, ಶ್ರೇಣಿಯ ಎಚ್ಚರ, ಪರಸ್ಪರ ಪರಿಚಯದ ಅಗತ್ಯ ಈ ಮೂರೂ ಇಲ್ಲಿದ್ದವು.

ಇದೇ ನಗರದ ದಕ್ಷಿಣ ಭಾಗದಲ್ಲಿರುವ ಖಾಸಬಾಗ, ಶಹಾಪುರ, ವಡಗಾವಿಗಳು ನೇಕಾರರ ನೆಲೆಗಳು. ‘ಖಾಸ’ ಎಂದರೆ ಸ್ವಂತದ, ‘ಬಾಗ’ ಎಂದರೆ ತೋಟ. ಒಡೆಯರ ತೋಟದ ನೆನಪನ್ನು ಹೆಸರಿನಲ್ಲಿ ಉಳಿಸಿಕೊಂಡ ಈ ಬಡಾವಣೆ ಇಂದು ಮಗ್ಗದ ಸಪ್ಪಳಕ್ಕೂ ಸಂತೆಗೂ ಪರಿಚಿತ. ಪಕ್ಕದ ಶಹಾಪುರ ೧೯೪೮ರವರೆಗೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಹೀಗಾಗಿ ಬ್ರಿಟಿಷ್ ದಂಡುಪ್ರದೇಶ, ಬ್ರಿಟಿಷ್ ಜಿಲ್ಲೆಯ ಪೇಟೆ, ದೇಶೀಯ ಸಂಸ್ಥಾನದ ಪೇಟೆ ಎಂಬ ಮೂರು ಆಡಳಿತದ ನೆಲಗಳು ಕೆಲವೇ ಮೈಲುಗಳ ಅಂತರದಲ್ಲಿದ್ದವು. ದಂಡುಪ್ರದೇಶದಿಂದ ವರ್ಗವಾಗಿ ಹೋಗುವವರು ಮನೆಯ ಸಾಮಾನನ್ನು ಹರಾಜು ಹಾಕಿ ಹೋಗುವುದು ವಸಾಹತು ಕಾಲದ ರೂಢಿ. ಕುರ್ಚಿ, ಕಪಾಟು, ಪಿಂಗಾಣಿಗಳ ಜೊತೆಗೆ ಮೇಜಿನ ಖಾನೆಯಲ್ಲಿ ಉಳಿದ ಕಾಗದಗಳೂ ಕೈ ಬದಲಾಯಿಸುತ್ತಿದ್ದವು. ಇಂತಹ ವಸ್ತು ಕಾಲಾಂತರದಲ್ಲಿ ಪೇಟೆಯ ಮನೆಗಳ ಪೆಟ್ಟಿಗೆಗಳಿಗೂ ಗುಜರಿಗೂ ಇಳಿದು ಬರುವುದು ಸಹಜ.

ಇಲ್ಲಿ ಕ್ಷೇತ್ರಕಾರ್ಯ ಮಾಡುವವರು ಒಂದು ಪದದ ಬಗ್ಗೆ ಎಚ್ಚರದಿಂದಿರಬೇಕು. ನೇಕಾರರ ಓಣಿಯಲ್ಲಿ ‘ಹಳೆಯ ಕಾರ್ಡು ಇದೆಯೇ’ ಎಂದು ಕೇಳಿದರೆ ಜಕಾರ್ಡ್ ಮಗ್ಗದ, ತೂತು ಕೊರೆದ ದಪ್ಪ ರಟ್ಟಿನ ಪಟ್ಟಿಗಳನ್ನು ತಂದು ತೋರಿಸುವ ಸಂಭವವೇ ಹೆಚ್ಚು. ಬೇರೆಡೆ ಪಡಿತರದ ಕಾರ್ಡೋ ಅಂಚೆಯ ಕಾರ್ಡೋ ಬರುತ್ತದೆ. ಆದ್ದರಿಂದ ‘ಸಾಹೇಬರ ಹೆಸರಿನ ಚೀಟಿ’ ಎಂದು ಬಿಡಿಸಿ ಕೇಳುವುದು ಒಳಿತು. ‘ಚೀಟಿ’ ಎಂಬ ಮಾತಿಗೆ ಇನ್ನೊಂದು ಪ್ರಯೋಜನವೂ ಇದೆ. ಭಾರತದ ಆಂಗ್ಲರು ಚಿಕ್ಕ ಪತ್ರಕ್ಕೆ ಬಳಸುತ್ತಿದ್ದ ‘ಚಿಟ್’ ಎಂಬ ಪದ ಹಿಂದಿಯ ‘ಚಿಟ್ಠಿ’ಯಿಂದ ಬಂದದ್ದೆಂದು ಯೂಲ್ ಮತ್ತು ಬರ್ನೆಲ್ ಅವರ ೧೮೮೬ರ ‘ಹಾಬ್ಸನ್-ಜಾಬ್ಸನ್’ ನಿಘಂಟು ದಾಖಲಿಸಿದೆ. ನಮ್ಮ ‘ಚೀಟಿ’ಯೂ ಅದೇ ಬಳಗದ್ದು.

೩. ಬಳಕೆಯ ಕ್ರಮ

ಇಂಗ್ಲೆಂಡಿನಲ್ಲಿ ಹೊಸಬರು ಊರಿಗೆ ಬಂದರೆ ಅಲ್ಲಿ ಮೊದಲಿನಿಂದ ಇರುವವರು ಅವರನ್ನು ಕಾಣಲು ಹೋಗಬೇಕೆಂಬುದು ಸಾಮಾನ್ಯ ರೂಢಿ. ಭಾರತದ ಆಂಗ್ಲ ಸಮಾಜದಲ್ಲಿ ಇದು ತಿರುವುಮುರುವಾಯಿತು. ಇಲ್ಲಿ ಹೊಸದಾಗಿ ಬಂದವರೇ ಊರಿನ ಮನೆಗಳಿಗೆ ಹೋಗಿ ಚೀಟಿ ಕೊಡಬೇಕು. ಭೇಟಿಯ ವೇಳೆ ಮಧ್ಯಾಹ್ನ ಹನ್ನೆರಡರಿಂದ ಎರಡು ಗಂಟೆ, ಎಂದರೆ ಬಿಸಿಲು ಕಡುವಾಗಿರುವ ಹೊತ್ತು. ಮನೆಯೊಡತಿ ಯಾರನ್ನೂ ಕಾಣಲು ಇಚ್ಛಿಸದಿದ್ದರೆ ದ್ವಾರದಲ್ಲಿ ತನ್ನ ಹೆಸರು ಹಾಗೂ ‘ಮನೆಯಲ್ಲಿಲ್ಲ’ ಎಂಬ ಬರಹವಿದ್ದ ತಗಡಿನ ಪೆಟ್ಟಿಗೆಯನ್ನು ತೂಗುಹಾಕಿಸುತ್ತಿದ್ದಳು. ಬಂದವರು ಚೀಟಿಯನ್ನು ಅದರಲ್ಲಿ ಹಾಕಿ ಹೋದರೆ ಭೇಟಿ ನಡೆದಂತೆಯೇ ಲೆಕ್ಕ. ಅವಳು ಒಳಗೇ ಇದ್ದಾಳೆಂಬುದು ಇಬ್ಬರಿಗೂ ತಿಳಿದಿರುತ್ತಿತ್ತು. ಆದರೂ ಯಾರಿಗೂ ಅವಮಾನವಾಗುತ್ತಿರಲಿಲ್ಲ.

ವಿವಾಹಿತ ಸ್ತ್ರೀಯು ಭೇಟಿಗೆ ಹೋದಾಗ ತನ್ನ ಒಂದು ಚೀಟಿಯನ್ನೂ ಗಂಡನ ಎರಡು ಚೀಟಿಗಳನ್ನೂ ಬಿಡುತ್ತಿದ್ದಳು. ಸ್ತ್ರೀಯು ಪುರುಷನನ್ನು ಕಾಣಲು ಹೋಗುವುದಿಲ್ಲವೆಂಬ ನಿಯಮದಿಂದಾಗಿ ಅವಳ ಚೀಟಿ ಮನೆಯೊಡತಿಗೆ ಮಾತ್ರ. ಗಂಡನ ಚೀಟಿಗಳಲ್ಲಿ ಒಂದು ಮನೆಯೊಡತಿಗೆ, ಇನ್ನೊಂದು ಮನೆಯೊಡೆಯನಿಗೆ. ಒಂದು ಭೇಟಿಗೆ ಪುರುಷನ ಹೆಸರು ಎರಡು ಸಲ, ಸ್ತ್ರೀಯ ಹೆಸರು ಒಂದು ಸಲ ದಾಖಲಾಗುವ ಈ ಲೆಕ್ಕವನ್ನು ಉಳಿದುಬಂದ ಚೀಟಿಗಳನ್ನು ಎಣಿಸುವಾಗ ಮರೆಯಬಾರದು.

ಚೀಟಿಯ ಮೇಲೆ ಬರೆಯುವ ಫ್ರೆಂಚ್ ಸಂಕೇತಾಕ್ಷರಗಳಿಗೂ ಗೊತ್ತಾದ ಅರ್ಥವಿತ್ತು. ‘ಪಿ.ಪಿ.ಸಿ.’ ಎಂದರೆ ಊರು ಬಿಡುವ ಮುನ್ನ ವಿದಾಯ, ‘ಪಿ.ಎಫ್.’ ಎಂದರೆ ಅಭಿನಂದನೆ, ‘ಪಿ.ಸಿ.’ ಎಂದರೆ ಸಂತಾಪ. ಸ್ವತಃ ಬಂದು ಹೋದದ್ದಕ್ಕೆ ಗುರುತಾಗಿ ಚೀಟಿಯ ಮೂಲೆಯನ್ನು ಮಡಿಸುವ ರೂಢಿಯೂ ಇತ್ತು. ಮನೆಯಲ್ಲಿ ಸಾವಾಗಿದ್ದರೆ ಚೀಟಿಗೆ ಕಪ್ಪು ಅಂಚು. ಕಾಲ ಕಳೆದಂತೆ ಅಂಚಿನ ಅಗಲ ಕಿರಿದಾಗುತ್ತಿತ್ತು.

ಈ ಆಚರಣೆಯನ್ನು ನಮ್ಮ ಭಾಗದ ದಸರೆಯ ಬನ್ನಿ ಕೊಡುವ ಪದ್ಧತಿಯ ಪಕ್ಕದಲ್ಲಿಟ್ಟು ನೋಡಿದರೆ ಅದರ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ. ವಿಜಯದಶಮಿಯ ಸಂಜೆ ಉತ್ತರ ಕರ್ನಾಟಕದಲ್ಲಿ ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿಯ ಎಲೆ ಕೊಟ್ಟು ನಮಸ್ಕರಿಸುತ್ತಾರೆ. ಯಾರು ಯಾರ ಮನೆಗೆ ಮೊದಲು ಹೋಗಬೇಕೆಂಬ ಕಟ್ಟು ಇಲ್ಲಿಯೂ ಇದೆ. ಹೋಗದಿದ್ದರೆ ಮನಸ್ತಾಪವೂ ಇದೆ. ಸಣ್ಣದೊಂದು ವಸ್ತು ಸಂಬಂಧವನ್ನು ನವೀಕರಿಸುತ್ತದೆ. ಆದರೆ ಬನ್ನಿಯ ಎಲೆಯ ಮೇಲೆ ಹೆಸರಿಲ್ಲ, ಕೊಡುವವನೇ ಎದುರಿಗೆ ನಿಂತಿರುವುದರಿಂದ ಹೆಸರಿನ ಅಗತ್ಯವೂ ಇಲ್ಲ. ಭೇಟಿಚೀಟಿಯಾದರೋ ವ್ಯಕ್ತಿಯ ಬದಲಿಗೆ ನಿಲ್ಲುತ್ತದೆ. ಬನ್ನಿಗೆ ಸನ್ನಿಧಿ ಬೇಕು, ಚೀಟಿಗೆ ಅದು ಬೇಕಿಲ್ಲ. ಈ ವ್ಯತ್ಯಾಸದಿಂದಲೇ ಎಲೆ ಒಣಗಿ ಹೋಗಿ ನೆನಪು ಉಳಿಯುತ್ತದೆ, ಇತ್ತ ನೆನಪು ಹೋಗಿ ಚೀಟಿ ಉಳಿಯುತ್ತದೆ.

ಇದೇ ಚೀಟಿ ಭಾರತೀಯನ ಕೈಗೆ ಬಂದಾಗ ಅದರ ಅರ್ಥ ಬದಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ವಕೀಲರು, ಅಧಿಕಾರಿಗಳು, ಇನಾಮದಾರರು ತಮ್ಮ ಹೆಸರಿನ ಚೀಟಿ ಮಾಡಿಸಿಕೊಳ್ಳತೊಡಗಿದರು. ಆದರೆ ಅವರು ಅದನ್ನು ಚಪರಾಶಿಯ ಕೈಗೆ ಕೊಟ್ಟು ಸಾಹೇಬನ ಬಂಗಲೆಯ ಜಗಲಿಯಲ್ಲಿ ಕಾಯಬೇಕಿತ್ತು. ಆಂಗ್ಲರ ನಡುವೆ ಚೀಟಿಗೆ ಚೀಟಿಯೇ ಉತ್ತರ. ಭಾರತೀಯನ ಚೀಟಿಗೆ ಅಂತಹ ಮರುಭೇಟಿ ಸಾಮಾನ್ಯವಾಗಿ ಇರಲಿಲ್ಲ. ಒಂದೇ ವಸ್ತು ಒಂದೆಡೆ ಸಮಾನರ ವಿನಿಮಯ, ಇನ್ನೊಂದೆಡೆ ಅರ್ಜಿ.

೪. ‘ಮೂಲ ಒಡೆಯ’ ಯಾರು?

ಚೀಟಿಯ ಮೇಲೆ ಯಾರ ಹೆಸರಿದೆಯೋ ಅವರೇ ಅದರ ಒಡೆಯರೆಂದು ಮೇಲುನೋಟಕ್ಕೆ ಅನಿಸುತ್ತದೆ. ಆದರೆ ಭೇಟಿಚೀಟಿ ಕೊಡುವುದಕ್ಕಾಗಿಯೇ ಹುಟ್ಟಿದ ವಸ್ತು. ಕೊಟ್ಟ ಮೇಲೆ ಅದು ಪಡೆದವರದು. ಹೀಗಾಗಿ ಪ್ರತಿ ಚೀಟಿಯ ಹಿಂದೆ ನಾಲ್ಕು ವ್ಯಕ್ತಿಗಳನ್ನು ಗುರುತಿಸಬೇಕಾಗುತ್ತದೆ. ಹೆಸರುಳ್ಳವರು, ಪಡೆದವರು, ಒಯ್ದು ಮುಟ್ಟಿಸಿದವರು ಮತ್ತು ಉಳಿಸಿಕೊಂಡು ಬಂದವರು. ಇವರಲ್ಲಿ ಮೊದಲನೆಯವರ ಹೆಸರು ಮಾತ್ರ ಚೀಟಿಯ ಮೇಲಿದೆ.

ಒಂದೇ ಹೆಸರಿನ, ಮಡಿಕೆ ಬೀಳದ ಹತ್ತಾರು ಚೀಟಿಗಳು ಒಟ್ಟಿಗೆ ಸಿಕ್ಕರೆ ಅವು ಬಳಕೆಯಾಗದೆ ಉಳಿದವು, ಹೆಸರುಳ್ಳವರ ಮನೆಯಿಂದಲೇ ಬಂದವು ಎಂದು ಭಾವಿಸಬಹುದು. ಬೇರೆ ಬೇರೆ ಹೆಸರಿನ ಚೀಟಿಗಳ ಕಟ್ಟು ಸಿಕ್ಕರೆ ಅದು ಪಡೆದವರ ಮನೆಯದು. ಆಗ ಆ ಮನೆಯೊಡತಿಯ ಹೆಸರು ಕಟ್ಟಿನ ಯಾವ ಚೀಟಿಯಲ್ಲಿಯೂ ಇರುವುದಿಲ್ಲ. ಆದರೂ ಅವಳನ್ನು ಹುಡುಕುವ ದಾರಿ ಇದೆ. ಕಟ್ಟಿನಲ್ಲಿರುವ ಎಲ್ಲರೂ ಒಂದೇ ಕಾಲಕ್ಕೆ ಬೆಳಗಾವಿಯಲ್ಲಿದ್ದ ಅವಧಿ ಯಾವುದು ಎಂದು ಲೆಕ್ಕ ಹಾಕಿದರೆ ಕಟ್ಟು ರೂಪುಗೊಂಡ ಕಾಲ ಒಂದೆರಡು ವರ್ಷಗಳ ಮಿತಿಗೆ ಬರುತ್ತದೆ. ಆ ಕಾಲದಲ್ಲಿ ಊರಿನಲ್ಲಿದ್ದು ಕಟ್ಟಿನಲ್ಲಿ ಹೆಸರಿಲ್ಲದ ಕುಟುಂಬಗಳ ಪಟ್ಟಿ ಮಾಡಿದರೆ ಅದರಲ್ಲಿ ಪಡೆದವರ ಕುಟುಂಬ ಇರಲೇಬೇಕು. ಈ ಲೆಕ್ಕ ನಡೆಯುವುದು ಕಟ್ಟು ಇಡಿಯಾಗಿದ್ದಾಗ ಮಾತ್ರ. ವ್ಯಾಪಾರಿಯು ಒಂದೊಂದನ್ನೇ ಬಿಡಿಯಾಗಿ ಮಾರಿದ ದಿನವೇ ಈ ಮಾಹಿತಿ ನಾಶವಾಗುತ್ತದೆ. ಮರಳಿ ಪಡೆಯುವ ಉಪಾಯವಿಲ್ಲ.

೫. ಚೀಟಿಯ ಭೌತಿಕ ಪರೀಕ್ಷೆ

ಹೆಸರನ್ನು ಹುಡುಕುವ ಮೊದಲು ವಸ್ತುವನ್ನು ಓದಬೇಕು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ಅಕ್ಷರಗಳು ಬೆರಳಿಗೆ ತುಸು ಉಬ್ಬಾಗಿ ತಾಗುತ್ತವೆ. ಇದು ಶಿಷ್ಟರ ಮೆಚ್ಚುಗೆ ಪಡೆದ ಪದ್ಧತಿ. ಕಲ್ಲಚ್ಚಿನಲ್ಲಿ ಅಕ್ಷರಗಳು ಮಟ್ಟಸವಾಗಿರುತ್ತವೆ. ಮೊಳೆಯಚ್ಚಿನಲ್ಲಿ ಅಕ್ಷರದ ಒತ್ತು ಕಾಗದದೊಳಕ್ಕೆ ಇಳಿದಿರುತ್ತದೆ. ಸ್ತ್ರೀಯರ ಚೀಟಿ ಪುರುಷರದಕ್ಕಿಂತ ದೊಡ್ಡದು. ಪುರುಷರದು ಸುಮಾರು ಮೂರು ಅಂಗುಲ ಉದ್ದ, ಒಂದೂವರೆ ಅಂಗುಲ ಅಗಲವಿರುತ್ತದೆ.

ಭೇಟಿಚೀಟಿಯೆಂದು ತಪ್ಪಾಗಿ ಗುರುತಿಸಲ್ಪಡುವ ಎರಡು ವಸ್ತುಗಳಿವೆ. ಮೊದಲನೆಯದು ‘ಕಾರ್ಟ್-ದ-ವಿಸೀತ್’ ಎಂಬ ಚಿಕ್ಕ ಭಾವಚಿತ್ರ. ೧೮೫೪ರಲ್ಲಿ ಪ್ಯಾರಿಸ್ಸಿನ ದಿಸ್ದೇರಿ ಎಂಬ ಛಾಯಾಗ್ರಾಹಕ ಇದಕ್ಕೆ ಹಕ್ಕುಪತ್ರ ಪಡೆದ. ಹೆಸರಿನ ಅರ್ಥ ಭೇಟಿಚೀಟಿ ಎಂದಾದರೂ ಇದು ರಟ್ಟಿಗೆ ಅಂಟಿಸಿದ ಛಾಯಾಚಿತ್ರ. ಇದರ ಹಿಂಬದಿಯಲ್ಲಿ ಸಾಮಾನ್ಯವಾಗಿ ಸ್ಟುಡಿಯೋ ಹೆಸರಿರುತ್ತದೆ. ಎರಡನೆಯದು ಹೂವು, ಹಕ್ಕಿ, ಕೈಕುಲುಕುವ ಹಸ್ತಗಳ ಬಣ್ಣದ ಚಿತ್ರವನ್ನು ಎತ್ತಿದರೆ ಕೆಳಗೆ ಹೆಸರು ಕಾಣುವ ಚೀಟಿ. ಇದು ೧೮೭೦–೮೦ರ ದಶಕಗಳ ಅಮೆರಿಕದಲ್ಲಿ ಜನಪ್ರಿಯವಾಗಿತ್ತು. ದಂಡುಪ್ರದೇಶದ ಶಿಷ್ಟಾಚಾರಕ್ಕೆ ಇಂತಹ ಅಲಂಕಾರ ಒಗ್ಗುವಂತಹುದಲ್ಲ. ಇಂತಹದು ಸಿಕ್ಕರೆ ಅದು ಬೇರೆ ದಾರಿಯಿಂದ ಬಂದಿರಬೇಕೆಂದು ತಿಳಿಯಬೇಕು.

೬. ಹೆಸರಿನಿಂದ ವ್ಯಕ್ತಿಗೆ

ಚೀಟಿಯ ಮೇಲೆ ತಾರೀಖು ಇರುವುದಿಲ್ಲ. ಆದರೆ ಪದವಿ, ಪಲ್ಟಣ, ಬಿರುದುಗಳು ತಾರೀಖಿನ ಕೆಲಸವನ್ನು ಮಾಡುತ್ತವೆ.

ಸೈನ್ಯಾಧಿಕಾರಿಗಳ ಚೀಟಿಯಲ್ಲಿ ಕೆಳಮೂಲೆಯಲ್ಲಿ ಪಲ್ಟಣದ ಹೆಸರಿರುತ್ತದೆ. ಬ್ರಿಟಿಷ್ ಕಾಲಾಳು ಪಲ್ಟಣಗಳು ೧೮೮೧ರ ಜುಲೈವರೆಗೆ ಸಂಖ್ಯೆಯಿಂದ ಗುರುತಿಸಲ್ಪಡುತ್ತಿದ್ದವು, ಅನಂತರ ಇಂಗ್ಲೆಂಡ್, ಐರ್ಲೆಂಡ್ ಮೊದಲಾದ ಕಡೆಯ ಪ್ರಾಂತಗಳ ಹೆಸರು ಪಡೆದವು. ಆದ್ದರಿಂದ ಸಂಖ್ಯೆ ಮಾತ್ರವಿರುವ ಬ್ರಿಟಿಷ್ ಪಲ್ಟಣದ ಚೀಟಿ ಬಹುಮಟ್ಟಿಗೆ ೧೮೮೧ಕ್ಕೆ ಹಿಂದಿನದು. ಭಾರತೀಯ ಪಲ್ಟಣಗಳು ಮುಂಬಯಿ, ಮದರಾಸು, ಬಂಗಾಳಗಳಿಗೆ ಬೇರೆ ಬೇರೆಯಾಗಿ ಸಂಖ್ಯೆ ಹೊಂದಿದ್ದು, ೧೯೦೩ರಲ್ಲಿ ಕಿಚನರನ ಸುಧಾರಣೆಯಿಂದ ಒಂದೇ ಕ್ರಮಕ್ಕೆ ಬಂದವು. ಈ ಎರಡು ಬದಲಾವಣೆಗಳ ನಡುವೆ ಒಂದು ತೊಡಕಿದೆ. ೧೮೬೨ರಿಂದ ೧೮೮೧ರವರೆಗೆ ‘೧೦೩’ ಎಂಬುದು ರಾಯಲ್ ಬಾಂಬೆ ಫ್ಯುಸಿಲಿಯರ್ಸ್ ಎಂಬ ಐರೋಪ್ಯ ಪಲ್ಟಣದ ಸಂಖ್ಯೆ, ೧೮೮೧ರಲ್ಲಿ ಅದು ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸಿನ ಎರಡನೆಯ ಬೆಟಾಲಿಯನ್ ಆಯಿತು. ೧೯೦೩ರ ಅನಂತರ ‘೧೦೩’ ಎಂಬುದು ಮರಾಠಾ ಲಘು ಪದಾತಿದಳದ ಸಂಖ್ಯೆ. ಈ ದಳ ೧೯೨೨ರ ಪುನರ್ರಚನೆಯಲ್ಲಿ ಐದನೆಯ ಮರಾಠಾ ಲಘು ಪದಾತಿದಳದ ಭಾಗವಾಯಿತು, ಆ ರೆಜಿಮೆಂಟಿನ ಕೇಂದ್ರ ಇಂದಿಗೂ ಬೆಳಗಾವಿಯಲ್ಲಿದೆ. ಮೂಲೆ ಹರಿದು ಸಂಖ್ಯೆ ಮಾತ್ರ ಉಳಿದ ಚೀಟಿಯನ್ನು, ಬೆಳಗಾವಿಯಲ್ಲಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಮರಾಠಾ ದಳಕ್ಕೆ ಸೇರಿಸಿದರೆ ಇಪ್ಪತ್ತು ನಲವತ್ತು ವರ್ಷಗಳ ವ್ಯತ್ಯಾಸವಾಗಬಹುದು. ಅಕ್ಷರದ ಶೈಲಿ, ಕಾಗದ, ಪಲ್ಟಣದ ಹೆಸರಿನ ಉಳಿದ ಅಕ್ಷರಗಳನ್ನು ಕೂಡಿಸಿ ನಿರ್ಧರಿಸಬೇಕು.

ನಾಗರಿಕ ಅಧಿಕಾರಿಗಳ ವಿಷಯದಲ್ಲಿ ಬಿರುದುಗಳು ನೆರವಿಗೆ ಬರುತ್ತವೆ. ‘ಸಿ.ಐ.ಇ.’ ಬಿರುದಿನ ಶ್ರೇಣಿ ಸ್ಥಾಪನೆಯಾದದ್ದು ೧೮೭೮ರಲ್ಲಿ. ಆದ್ದರಿಂದ ಈ ಬಿರುದಿರುವ ಯಾವ ಚೀಟಿಯೂ ಅದಕ್ಕೆ ಹಿಂದಿನದಲ್ಲ. ಕನ್ನಡ ಸಂಶೋಧಕರಿಗೆ ಚಿರಪರಿಚಿತರಾದ ಜಾನ್ ಫೇತ್‌ಫುಲ್ ಫ್ಲೀಟ್ ಅವರನ್ನೇ ಉದಾಹರಣೆಯಾಗಿ ನೋಡಬಹುದು. ೧೮೬೭ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಸೇರಿದ ಅವರು ೧೮೭೨ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್‌ಸ್ಪೆಕ್ಟರ್, ೧೮೭೫ರಲ್ಲಿ ದಕ್ಷಿಣ ಮರಾಠಾ ಸೀಮೆಯ ಸಹಾಯಕ ರಾಜಕೀಯ ಪ್ರತಿನಿಧಿ, ೧೮೮೩ರಲ್ಲಿ ಭಾರತ ಸರಕಾರದ ಶಾಸನತಜ್ಞ ಆದರು. ೧೮೮೪ರಲ್ಲಿ ಅವರಿಗೆ ಸಿ.ಐ.ಇ. ದೊರೆಯಿತು. ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ೧೮೮೫ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದವರೂ ಅವರೇ. ಅವರ ಹೆಸರಿನ ಚೀಟಿಯೆಂದು ಯಾರಾದರೂ ತೋರಿಸಿದರೆ ಬಿರುದು ಇದೆಯೇ ಇಲ್ಲವೇ ಎಂಬ ಒಂದು ಅಂಶವೇ ಅದನ್ನು ೧೮೮೪ರ ಈಚೆಗೋ ಆಚೆಗೋ ಇರಿಸುತ್ತದೆ. ಹೆಸರಾಂತ ವ್ಯಕ್ತಿಗಳಿಗೆ ಚೀಟಿಯನ್ನು ಆರೋಪಿಸಿ ಬೆಲೆ ಹೆಚ್ಚಿಸುವುದು ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಇರುವ ಪ್ರವೃತ್ತಿ. ‘ಮಿಸ್ಟರ್ ಫ್ಲೀಟ್’ ಎಂದಷ್ಟೇ ಇದ್ದರೆ ಅದು ಶಾಸನತಜ್ಞರದೇ ಎನ್ನಲು ಬೇರೆ ಆಧಾರ ಬೇಕು.

ಕಾಲದ ಮಿತಿ ಗೊತ್ತಾದ ಮೇಲೆ ಮುದ್ರಿತ ಪಟ್ಟಿಗಳ ಕಡೆ ತಿರುಗಬೇಕು. ೧೮೦೩ರಿಂದ ಹೊರಡುತ್ತಿದ್ದ ‘ಈಸ್ಟ್ ಇಂಡಿಯಾ ರಿಜಿಸ್ಟರ್’, ೧೮೩೯ರಿಂದ ಪ್ರಕಟವಾದ ಹಾರ್ಟನ ಸೈನ್ಯಪಟ್ಟಿ, ೧೮೮೫ರಿಂದ ಅಖಿಲ ಭಾರತ ಸ್ವರೂಪ ಪಡೆದ ಥ್ಯಾಕರ್ ಡೈರೆಕ್ಟರಿ ಇವುಗಳಲ್ಲಿ ಮುಖ್ಯವಾದವು. ಸ್ಥಳೀಯ ವಿವರಗಳಿಗೆ ೧೮೮೪ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ ಇಪ್ಪತ್ತೊಂದನೆಯ ಸಂಪುಟ ಬೆಳಗಾವಿಗೆ ಮೀಸಲಾಗಿದೆ. ಬೆಳಗಾವಿಯು ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯವನ್ನು ಸೇರುವವರೆಗೂ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ಹಳೆಯ ಸರಕಾರಿ ಕಾಗದಗಳಿಗಾಗಿ ಬೆಂಗಳೂರಿಗಿಂತ ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರವನ್ನೇ ಮೊದಲು ನೋಡಬೇಕಾಗುತ್ತದೆ. ಹಳೆಯ ಪಟ್ಟಿಗಳಲ್ಲಿ ಊರನ್ನು ‘ಬೆಲ್‌ಗಾಮ್’ ಎಂಬ ಆಂಗ್ಲ ರೂಪದಲ್ಲಿಯೇ ಹುಡುಕಬೇಕು. ‘ಬೆಳಗಾವಿ’ ಅಧಿಕೃತ ರೂಪವಾದದ್ದು ೨೦೧೪ರ ನವೆಂಬರಿನಲ್ಲಿ.

ಮುಂದಿನ ಹಂತ ಚರ್ಚಿನ ದಾಖಲೆ. ಮುಂಬಯಿ ಪ್ರಾಂತದ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ಪ್ರತಿಗಳನ್ನು ಲಂಡನ್ನಿಗೆ ಕಳಿಸಲಾಗುತ್ತಿತ್ತು. ಇಂಡಿಯಾ ಆಫೀಸ್ ದಾಖಲೆಗಳ ಭಾಗವಾಗಿ ಇವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬಂಗಾಳದ ದಾಖಲೆಗಳು ಎನ್/೧, ಮದರಾಸಿನವು ಎನ್/೨, ಮುಂಬಯಿಯವು ಎನ್/೩ ಎಂಬ ಶ್ರೇಣಿಗಳಲ್ಲಿವೆ. ಬೆಳಗಾವಿಗೆ ಸಂಬಂಧಿಸಿದವು ಎನ್/೩ರಲ್ಲಿ ದೊರೆಯುತ್ತವೆ. ೧೯೭೬ರಲ್ಲಿ ಆರಂಭವಾದ ದಕ್ಷಿಣ ಏಷ್ಯಾದ ಸ್ಮಶಾನಗಳ ಬ್ರಿಟಿಷ್ ಸಂಘ ಸಮಾಧಿ ಶಿಲೆಗಳ ಬರಹಗಳನ್ನು ಸಂಗ್ರಹಿಸಿದೆ. ೧೯೯೮ರಲ್ಲಿ ಸ್ಥಾಪನೆಯಾದ ‘ಫಿಬಿಸ್’ ಎಂಬ ಕುಟುಂಬ ಇತಿಹಾಸ ಸಂಘ ಇಂತಹ ದಾಖಲೆಗಳ ಸೂಚಿಯನ್ನು ಸಾರ್ವಜನಿಕರಿಗೆ ಒದಗಿಸಿದೆ.

೭. ಸ್ತ್ರೀಯರ ಚೀಟಿಗಳ ಸಮಸ್ಯೆ

ಮೇಲಿನ ಆಕರಗಳೆಲ್ಲ ಸೇವೆಯ ಆಕರಗಳು. ಸೇವೆಯಲ್ಲಿದ್ದವನು ಪುರುಷ. ವಿವಾಹಿತ ಸ್ತ್ರೀಯ ಚೀಟಿಯಲ್ಲಿ ಅವಳ ಸ್ವಂತ ಹೆಸರು ಇರುವುದಿಲ್ಲ. ‘ಮಿಸೆಸ್’ ಎಂಬ ಮಾತಿನ ಮುಂದೆ ಗಂಡನ ಹೆಸರು ಇರುತ್ತದೆ. ಗಂಡನನ್ನು ಗುರುತಿಸಿದ ಮೇಲೂ ಅವಳನ್ನು ಗುರುತಿಸಿದಂತಾಗುವುದಿಲ್ಲ. ಹೆಂಡತಿ ತೀರಿಕೊಂಡು ಪುರುಷನು ಮರುಮದುವೆಯಾದರೆ ಇಬ್ಬರ ಚೀಟಿಯೂ ಅಕ್ಷರಶಃ ಒಂದೇ ಆಗಿರಲು ಸಾಧ್ಯ. ಇಲ್ಲಿ ವಿವಾಹ ಹಾಗೂ ಸಮಾಧಿಯ ದಾಖಲೆಗಳನ್ನು ಚೀಟಿಯ ಕಾಲದೊಡನೆ ತಾಳೆ ನೋಡದೆ ನಿರ್ಣಯಕ್ಕೆ ಬರುವಂತಿಲ್ಲ.

ಅವಿವಾಹಿತರ ವಿಷಯದಲ್ಲಿಯೂ ಇಂತಹುದೇ ಸೂಕ್ಷ್ಮವಿದೆ. ಮನೆಯ ಹಿರಿಯ ಮಗಳು ‘ಮಿಸ್’ ಎಂಬುದರ ಮುಂದೆ ಮನೆತನದ ಹೆಸರನ್ನಷ್ಟೇ ಬಳಸುತ್ತಿದ್ದಳು. ಕಿರಿಯರು ತಮ್ಮ ಹೆಸರನ್ನೂ ಸೇರಿಸಬೇಕು. ಹಿರಿಯವಳ ಮದುವೆಯಾದೊಡನೆ ಎರಡನೆಯವಳು ಆ ಸ್ಥಾನಕ್ಕೆ ಬರುತ್ತಿದ್ದಳು. ಹೀಗಾಗಿ ಒಂದೇ ಬರಹದ ಎರಡು ಚೀಟಿಗಳು ಅಕ್ಕ ತಂಗಿಯರದಾಗಿರಬಹುದು. ಎಷ್ಟೋ ಸಲ ಸಮಾಧಿಯ ಕಲ್ಲಿನ ಮೇಲೆಯೇ ಆ ಸ್ತ್ರೀಯ ಸ್ವಂತ ಹೆಸರು ಮೊದಲ ಬಾರಿಗೆ ನಮಗೆ ಕಾಣಸಿಗುತ್ತದೆ. ದಂಡುಪ್ರದೇಶದ ಹಳೆಯ ಆಂಗ್ಲ ಸ್ಮಶಾನದ ಶಿಲೆಗಳು ಈ ದೃಷ್ಟಿಯಿಂದ ಅಮೂಲ್ಯವಾದವು. ಮಳೆಗೆ ಅಕ್ಷರ ಅಳಿಯುವ ಮುನ್ನ ಅವುಗಳ ಛಾಯಾಚಿತ್ರ ದಾಖಲಾತಿ ನಡೆಯಬೇಕಾದುದು ಅಗತ್ಯ.

೮. ಚೀಟಿ ಒಯ್ದ ಕೈಗಳು

ಜಾನಪದ ವಿದ್ವಾಂಸನಿಗೆ ಅತ್ಯಂತ ಮುಖ್ಯವಾದ ಪ್ರಶ್ನೆ ಮೂರನೆಯ ಹಾಗೂ ನಾಲ್ಕನೆಯ ವ್ಯಕ್ತಿಗಳದು. ದ್ವಾರದಲ್ಲಿ ಚೀಟಿಯನ್ನು ತೆಗೆದುಕೊಂಡು ತಟ್ಟೆಯಲ್ಲಿಟ್ಟು ಒಳಗೆ ಒಯ್ದವನು ಬೇರರ್ ಅಥವಾ ಚಪರಾಶಿ. ‘ಮನೆಯಲ್ಲಿಲ್ಲ’ ಪೆಟ್ಟಿಗೆಯನ್ನು ತೂಗುಹಾಕಿದವನೂ ಅವನೇ. ಯಾವ ಚೀಟಿ ಯಾರದೆಂದು ಆಕಾರದಿಂದ, ಬಂದವರ ಕುದುರೆಗಾಡಿಯಿಂದ, ಸಿಪಾಯಿಯ ಉಡುಪಿನಿಂದ ಗುರುತಿಸುವ ಜ್ಞಾನ ಅವನಲ್ಲಿತ್ತು. ಇಂಗ್ಲಿಷ್ ಓದಲು ಬಾರದಿದ್ದರೂ ಶ್ರೇಣಿಯ ಇಡೀ ವ್ಯವಸ್ಥೆ ಅವನಿಗೆ ಕಂಠಸ್ಥವಾಗಿತ್ತೆಂದೇ ಹೇಳಬೇಕು. ಹಾರ್ಟನ ಪಟ್ಟಿಯಲ್ಲಾಗಲಿ ಥ್ಯಾಕರನ ಡೈರೆಕ್ಟರಿಯಲ್ಲಾಗಲಿ ಅವನ ಹೆಸರಿಲ್ಲ. ೧೮೮೮ರಲ್ಲಿ ಪ್ರಕಟವಾದ, ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಅವರ ಗೃಹಕೃತ್ಯದ ಕೈಪಿಡಿಯಂತಹ ಗ್ರಂಥಗಳು ಆಳುಗಳ ಕೆಲಸವನ್ನು ವಿವರವಾಗಿ ಹೇಳುತ್ತವೆ. ಆದರೆ ಅಲ್ಲಿಯೂ ಅವರು ಕೆಲಸದ ಹೆಸರಿನಿಂದ ಮಾತ್ರ ಉಲ್ಲೇಖಿತರು.

ಈ ಮೌನವನ್ನು ಭೇದಿಸುವ ಒಂದು ಬಗೆಯ ದಾಖಲೆ ಮಾತ್ರ ಇದೆ. ಅದು ‘ಚಿಟ್’, ಎಂದರೆ ಊರು ಬಿಡುವಾಗ ಸಾಹೇಬನು ಆಳಿಗೆ ಬರೆದುಕೊಡುತ್ತಿದ್ದ ನಡತೆಯ ಪತ್ರ. ಮುಂದಿನ ಕೆಲಸ ಸಿಗುವುದು ಈ ಪತ್ರದ ಬಲದಿಂದಲೇ ಆದ್ದರಿಂದ ಆಳುಗಳ ಕುಟುಂಬಗಳು ಇವುಗಳನ್ನು ಆಸ್ತಿಪತ್ರದಂತೆ ಜೋಪಾನ ಮಾಡುತ್ತಿದ್ದವು. ಸಾಹೇಬನ ಹೆಸರಿನ ಪಕ್ಕದಲ್ಲಿ ಆಳಿನ ಹೆಸರೂ ಬರಹದಲ್ಲಿ ಕಾಣುವುದು ಇಂತಹ ಪತ್ರದಲ್ಲಿ. ಒಂದು ಮನೆಯ ಪೆಟ್ಟಿಗೆಯಲ್ಲಿ ನಡತೆಪತ್ರದೊಡನೆ ಭೇಟಿಚೀಟಿಯೂ ಇದ್ದರೆ, ಅಥವಾ ಚೀಟಿಯ ಹಿಂಬದಿಯಲ್ಲಿಯೇ ನಾಲ್ಕು ಸಾಲಿನ ಶಿಫಾರಸು ಇದ್ದರೆ, ಆ ಚೀಟಿಯ ಮುಂಬದಿಗಿಂತ ಹಿಂಬದಿಯೇ ನಮಗೆ ಹೆಚ್ಚಿನದು. ಮುಂಬದಿಯ ಹೆಸರು ಲಂಡನ್ನಿನ ಪುಸ್ತಕದಲ್ಲಿಯೂ ಸಿಗುತ್ತದೆ. ಹಿಂಬದಿಯ ಹೆಸರು ಬೇರೆಲ್ಲಿಯೂ ಸಿಗದಿರಬಹುದು.

ಆದ್ದರಿಂದ ಶೋಧದ ದಿಕ್ಕನ್ನು ತಿರುಗಿಸಲು ಸಾಧ್ಯವಿದೆ. ಸಾಹೇಬನ ಹೆಸರಿನ ನೆರವಿನಿಂದ ಕಾಲವನ್ನು ನಿರ್ಧರಿಸಿ, ಆ ಕಾಲವನ್ನು ಹಿಡಿದು ಕುಟುಂಬದ ಮೌಖಿಕ ಪರಂಪರೆಯನ್ನು ಕೇಳುವುದು. ‘ನಮ್ಮ ಅಜ್ಜನ ಅಪ್ಪ ಕ್ಯಾಂಪಿನಲ್ಲಿ ಬಟ್ಲರ ಆಗಿದ್ದರಂತೆ’ ಎಂಬ ಮಾತಿಗೆ ವರ್ಷವಿರುವುದಿಲ್ಲ. ಪೆಟ್ಟಿಗೆಯ ಚೀಟಿಗೆ ಕಾಲ ದೊರೆತರೆ ಆ ಮಾತಿಗೂ ಕಾಲ ದೊರೆಯುತ್ತದೆ. ಹಾಗೆಯೇ ಮೌಖಿಕ ನೆನಪಿನಲ್ಲಿ ಸಾಹೇಬರ ಹೆಸರುಗಳು ಕನ್ನಡ, ಮರಾಠಿ, ಉರ್ದು, ಕೊಂಕಣಿ ನಾಲಗೆಗಳಲ್ಲಿ ರೂಪ ಬದಲಿಸಿಕೊಂಡಿರುತ್ತವೆ. ಇವನ್ನು ಅಪಭ್ರಂಶವೆಂದು ತಳ್ಳದೆ, ಕೇಳಿದ ಹಾಗೆಯೇ ಬರೆದುಕೊಂಡು ಮುದ್ರಿತ ಪಟ್ಟಿಯೊಡನೆ ಹೋಲಿಸಬೇಕು.

೯. ದಾಖಲಾತಿ ಮತ್ತು ಸಂರಕ್ಷಣೆ

ಚೀಟಿ ದೊರೆತ ಕೂಡಲೆ ದಾಖಲಿಸಬೇಕಾದ ಅಂಶಗಳಿವು: ದೊರೆತ ಸ್ಥಳ, ದಿನಾಂಕ, ಯಾರಿಂದ ಬಂದಿತು ಎಂಬ ಸರಪಳಿ, ಜೊತೆಯಲ್ಲಿದ್ದ ಇತರ ವಸ್ತುಗಳು, ಕಟ್ಟಿನಲ್ಲಿದ್ದ ಅನುಕ್ರಮ, ಅಳತೆ, ಮುದ್ರಣದ ಬಗೆ, ಅಂಚು, ಮಡಿಕೆ, ಕೈಬರಹ. ಎರಡೂ ಬದಿಯ ಛಾಯಾಚಿತ್ರ ಕಡ್ಡಾಯ. ಸಂಖ್ಯೆ ಹಾಕುವುದಿದ್ದರೆ ಸೀಸದ ಕಡ್ಡಿಯಿಂದ ಹಿಂಬದಿಯ ಮೂಲೆಯಲ್ಲಿ ಮಾತ್ರ. ಪ್ಲಾಸ್ಟಿಕ್ ಲೇಪನ, ಅಂಟುಪಟ್ಟಿ, ಗೋಂದುಗಳನ್ನು ಬಳಸಲೇಬಾರದು. ಮಡಿಸಿದ ಮೂಲೆಯನ್ನು ನೇರ ಮಾಡಬಾರದು. ಆ ಮಡಿಕೆಯೂ ಒಂದು ಬರಹವೇ. ಆಮ್ಲರಹಿತ ಕಾಗದದ ಲಕೋಟೆಯಲ್ಲಿ, ತೇವವಿಲ್ಲದ ಕಡೆ ಇಡಬೇಕು. ಬೆಳಗಾವಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಬೇಗ.

ವಸ್ತುವನ್ನು ಕುಟುಂಬದಿಂದ ಬೇರ್ಪಡಿಸುವ ಅಗತ್ಯವಿಲ್ಲ. ಮನೆಯವರಿಗೆ ಇಷ್ಟವಿದ್ದರೆ ಮೂಲವನ್ನು ಅವರಲ್ಲಿಯೇ ಉಳಿಸಿ ಪ್ರತಿಕೃತಿಯನ್ನು ಗ್ರಂಥಾಲಯಕ್ಕೆ ಪಡೆಯಬಹುದು. ಚೀಟಿಯ ಹೆಸರುಳ್ಳವರ ವಂಶಜರಾಗಲಿ, ಉಳಿಸಿಕೊಂಡು ಬಂದವರ ಮಕ್ಕಳಾಗಲಿ ಇಂದು ಜೀವಂತವಿದ್ದಲ್ಲಿ ಅವರ ಒಪ್ಪಿಗೆಯಿಲ್ಲದೆ ಹೆಸರು, ವಿಳಾಸಗಳನ್ನು ಪ್ರಕಟಿಸುವುದು ಸಲ್ಲದು. ಆಳುಗಳ ಕುಟುಂಬದವರು ಎಂಬ ಉಲ್ಲೇಖ ಕೆಲವರಿಗೆ ಹೆಮ್ಮೆಯಾದರೆ ಕೆಲವರಿಗೆ ನೋವು. ಇದನ್ನು ನಿರ್ಧರಿಸುವ ಹಕ್ಕು ಸಂಶೋಧಕನದಲ್ಲ.

೧೦. ಸಮಾರೋಪ

ಒಟ್ಟಾರೆಯಾಗಿ ನೋಡಿದಾಗ ಭೇಟಿಚೀಟಿಯ ಒಡೆಯರ ಶೋಧವು ಕೇವಲ ಆಂಗ್ಲ ವಂಶಾವಳಿಯ ಹವ್ಯಾಸವಲ್ಲವೆಂಬುದು ಸ್ಪಷ್ಟವಾಗುತ್ತದೆ. ಪಲ್ಟಣದ ಸಂಖ್ಯೆ, ಬಿರುದು, ಪದವಿಗಳ ಮೂಲಕ ಕಾಲವನ್ನು, ಮುದ್ರಿತ ಪಟ್ಟಿಗಳ ಮೂಲಕ ಪುರುಷನನ್ನು, ಚರ್ಚಿನ ದಾಖಲೆ ಹಾಗೂ ಸಮಾಧಿಶಿಲೆಗಳ ಮೂಲಕ ಸ್ತ್ರೀಯನ್ನು, ನಡತೆಪತ್ರ ಹಾಗೂ ಮೌಖಿಕ ಪರಂಪರೆಯ ಮೂಲಕ ಆಳನ್ನು ತಲುಪುವ ಈ ಕ್ರಮದಲ್ಲಿ ಹಂತ ಹಂತಕ್ಕೂ ಆಕರ ವಿರಳವಾಗುತ್ತ ಹೋಗುತ್ತದೆ. ಕೊನೆಯ ಹಂತದ ಆಕರ ಲಂಡನ್ನಿನಲ್ಲಿಯೂ ಇಲ್ಲ, ಮುಂಬಯಿಯಲ್ಲಿಯೂ ಇಲ್ಲ. ಅದು ಇದ್ದರೆ ಕ್ಯಾಂಪಿನ ಹಿಂದಿನ ಓಣಿಗಳಲ್ಲಿ, ಖಾಸಬಾಗ ಶಹಾಪುರಗಳ ಮನೆಗಳಲ್ಲಿ, ಖಾನಾಪುರದ ಹಳ್ಳಿಗಳಲ್ಲಿ ಇದೆ. ಅದನ್ನು ಓದಬಲ್ಲವರು ಸ್ಥಳೀಯ ಭಾಷೆಗಳನ್ನು ಬಲ್ಲ ಕ್ಷೇತ್ರ ಕಾರ್ಯಕರ್ತರು ಮಾತ್ರ. ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಹಾಗೂ ಜಿಲ್ಲೆಯ ಗ್ರಂಥಾಲಯಗಳು ಕೂಡಿ ಇಂತಹ ಚೀಟಿ, ನಡತೆಪತ್ರ, ಛಾಯಾಚಿತ್ರಗಳ ಒಂದು ಸಾಮಾನ್ಯ ಸೂಚಿಯನ್ನು ಸಿದ್ಧಪಡಿಸುವುದು ಉಚಿತ. ಈ ವಸ್ತುಗಳು ಗುಜರಿಯ ತಕ್ಕಡಿಗೆ ಹೋಗುವ ಮೊದಲು, ಅವುಗಳ ಕಥೆ ಹೇಳಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕಾರ್ಯ ನಡೆಯಬೇಕಾಗಿದೆ.